ಮೊಣಕಾಲು ನೋವಿದ್ದವರು ವ್ಯಾಯಾಮ ಮಾಡಬಹುದೆ?

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲೂಕುಗಳಿಗೆ ಕಬ್ಬಿನ ಬೇಸಾಯದ ತರಬೇತಿಗೆಂದು ಹೋದಾಗಲೆಲ್ಲ ಇತ್ತೀಚಿನ ವರ್ಷಗಳಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬರುತ್ತಿದೆ. ಉಪನ್ಯಾಸ ಮುಗಿದು ಕ್ಷೇತ್ರ ವೀಕ್ಷಣೆಗೆ ಹೊರಟರೆ ಮೂವತ್ತು ಜನರಲ್ಲಿ ನಾಲ್ಕೈದು ಮಂದಿ ಬದುವಿನ ಮೇಲೆಯೇ ಉಳಿದುಬಿಡುತ್ತಾರೆ. ಅವರು ಎಪ್ಪತ್ತು ದಾಟಿದ ಹಿರಿಯರಲ್ಲ, ನಲವತ್ತೈದರಿಂದ ಐವತ್ತೈದು ವಯಸ್ಸಿನವರು, ಮನೆಯ ಒಕ್ಕಲುತನವನ್ನು ಹೊತ್ತು ನಡೆಸುವವರು.

ಮುಧೋಳ ತಾಲೂಕಿನ ಒಂದು ಹಳ್ಳಿಯಲ್ಲಿ ಕಬ್ಬಿನ ರವದಿಯನ್ನು ಸುಡದೆ ಮಣ್ಣಿಗೆ ಸೇರಿಸುವ ವಿಧಾನವನ್ನು ತೋರಿಸಲು ಹೋಗಿದ್ದೆ. ಹೊಲದ ಮಾಲಿಕರೇ ಒಳಗೆ ಬರಲಿಲ್ಲ. "ಯಾಕ್ರಿ, ಬರೂದಿಲ್ಲೇನು?" ಎಂದು ಕೇಳಿದೆ. "ಕಬ್ಬ ನಮ್ದ ಐತ್ರಿ ಸಾಹೇಬ್ರ, ಅದನ್ನ ನೋಡಾಕ ನಮಗ ಕಾಲ ಇಲ್ಲ. ಮುಂದಿನ ವರ್ಷ ಆರೂ ಎಕರೆ ಲಾವಣಿಗೆ ಹಾಕೂದು ಅಂತ ಮಾಡೀನಿ" ಎಂದರು. ಅವರ ವಯಸ್ಸು 52. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ನೀವೂ ಕುಂಟಾಕತ್ತೀರಿ ಅಲ್ರೀ?" ಎಂದು ಕೇಳಿದರು. ಅದು ನಿಜವಾಗಿತ್ತು. ಈ ಲೇಖನಕ್ಕೆ ಕಾರಣ ಆ ಪ್ರಶ್ನೆಯೇ. ನಾನು ಬೇಸಾಯ ಶಾಸ್ತ್ರದವನು, ವೈದ್ಯನಲ್ಲ. ಆದರೂ ಮೂರು ವರ್ಷಗಳಿಂದ ಈ ವಿಷಯವನ್ನು ಓದಿ, ತಜ್ಞರನ್ನು ಕೇಳಿ, ನನ್ನ ದೇಹದ ಮೇಲೆಯೇ ಪರೀಕ್ಷಿಸಿ ತಿಳಿದುಕೊಂಡದ್ದನ್ನು ರೈತ ಬಾಂಧವರ ಮುಂದೆ ಇಡುತ್ತಿದ್ದೇನೆ.

ಹೊಲದ ನಡಿಗೆ ಎಲ್ಲಿಗೆ ಹೋಯಿತು?

ಎತ್ತಿನ ನೇಗಿಲಿನ ಒಂದು ಸಾಲಿನ ಅಗಲವನ್ನು 15 ಸೆಂ.ಮೀ. ಎಂದು ಹಿಡಿಯೋಣ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರು. ಇದನ್ನು 15 ಸೆಂ.ಮೀ. ಸಾಲುಗಳಲ್ಲಿ ಉತ್ತು ಮುಗಿಸಲು ನೇಗಿಲ ಹಿಂದಿನ ಮನುಷ್ಯ ನಡೆಯುವ ದೂರ ಹತ್ತಿರ ಹತ್ತಿರ 27 ಕಿ.ಮೀ. ಆಗುತ್ತದೆ. ದಿನಕ್ಕೆ ಅರ್ಧ ಎಕರೆ ಉತ್ತರೂ 13 ಕಿ.ಮೀ. ಆಯಿತು. ಎರಡು ಅಡಿ ಅಗಲದ ಕುಂಟೆ ಹೊಡೆದರೆ ಎಕರೆಗೆ ಮತ್ತೆ ಸುಮಾರು 6.6 ಕಿ.ಮೀ. ನಮ್ಮ ತಂದೆಯವರ ಕಾಲದ ಹಿಂಗಾರಿ ಜೋಳದ ಒಕ್ಕಲಿಗ ಯಾವ ವ್ಯಾಯಾಮದ ಪುಸ್ತಕವನ್ನೂ ಓದದೆ ವರ್ಷಕ್ಕೆ ನೂರಾರು ಕಿಲೋಮೀಟರು ನಡೆಯುತ್ತಿದ್ದುದು ಹೀಗೆ.

ಈಗ ಉಳುಮೆ, ಸಾಲು ಬಿಡುವುದು, ಮಣ್ಣು ಏರಿಸುವುದು ಎಲ್ಲವೂ ಟ್ರ್ಯಾಕ್ಟರಿನಿಂದ ಆಗುತ್ತದೆ. ಕಳೆಗೆ ಕಳೆನಾಶಕ ಇದೆ. ನೀರು ಹಾಯಿಸಲು ರಾತ್ರಿ ಬದುವಿನ ಮೇಲೆ ಓಡಾಡುವ ಬದಲು ಹನಿ ನೀರಾವರಿ ಬಂದಿದೆ, ಮೋಟರನ್ನು ಮನೆಯಿಂದಲೇ ಮೊಬೈಲಿನಲ್ಲಿ ಚಾಲೂ ಮಾಡುತ್ತಾರೆ. ಹೊಲಕ್ಕೆ ಹೋಗಲು ಬೈಕು ಇದೆ. ರಬಕವಿ, ಬನಹಟ್ಟಿಗಳ ನೇಕಾರರಲ್ಲಿಯೂ ಇದೇ ಬದಲಾವಣೆ ಆಗಿದೆ. ಕಾಲಿನಿಂದ ತುಳಿದು ನೇಯುವ ಕೈಮಗ್ಗಗಳ ಜಾಗದಲ್ಲಿ ವಿದ್ಯುತ್ ಮಗ್ಗಗಳು ಬಂದಿವೆ. ಅವುಗಳ ಮುಂದೆ ಗಂಟೆಗಟ್ಟಲೆ ನಿಂತಿರಬೇಕು, ಆದರೆ ತೊಡೆಗೆ ಹೆಚ್ಚಿನ ಕೆಲಸವಿಲ್ಲ.

ಇದನ್ನು ಬರೆದದ್ದು ಹಳೆಯ ಕಾಲವನ್ನು ಹೊಗಳಲು ಅಲ್ಲ. ಹಿಂದಿನವರಿಗೂ ಕೀಲು ನೋವು ಇತ್ತು. ಭಾರ ಹೊರುವುದು, ಕುಕ್ಕರುಗಾಲಿನಲ್ಲಿ ಗಂಟೆಗಟ್ಟಲೆ ಕೆಲಸ ಮಾಡುವುದು ಮೊಣಕಾಲನ್ನು ಸವೆಸುತ್ತವೆ ಎಂಬುದು ಗೊತ್ತಿರುವ ವಿಷಯ. ವ್ಯತ್ಯಾಸವೆಂದರೆ, ದುಡಿಮೆ ಇಳಿದರೂ ನಮ್ಮ ಊಟ ಇಳಿಯಲಿಲ್ಲ. ಮೇಲಾಗಿ ಸಕ್ಕರೆ, ಎಣ್ಣೆ ಹೆಚ್ಚಾದವು. ಉಳಿದ ಅಂಶವೆಲ್ಲ ಹೊಟ್ಟೆಯ ಸುತ್ತ ಕೊಬ್ಬಾಗಿ ಸೇರಿ ಅದರ ಭಾರ ಮೊಣಕಾಲಿನ ಮೇಲೆ ಬೀಳುತ್ತದೆ.

ಕೀಲಿನೊಳಗೆ ಏನಾಗುತ್ತದೆ?

ತೊಡೆಯ ಎಲುಬಿನ ಕೆಳತುದಿಗೂ ಮುಂಗಾಲಿನ ಎಲುಬಿನ ಮೇಲ್ತುದಿಗೂ ಮೃದ್ವಸ್ಥಿ ಎಂಬ ನುಣುಪಾದ ಮೆತ್ತನೆಯ ಹೊದಿಕೆ ಇರುತ್ತದೆ. ಈ ಹೊದಿಕೆಗೆ ರಕ್ತನಾಳಗಳಿಲ್ಲ. ಅದಕ್ಕೆ ಆಹಾರ ದೊರೆಯುವುದು ಕೀಲಿನೊಳಗಿನ ಅಂಟಾದ ದ್ರವದಿಂದ. ನೀರಿನಲ್ಲಿಟ್ಟ ಸ್ಪಂಜನ್ನು ಒತ್ತಿ ಬಿಟ್ಟರೆ ಹೇಗೆ ಹಳೆಯ ನೀರು ಹೊರಬಂದು ಹೊಸ ನೀರು ಒಳಸೇರುತ್ತದೆಯೋ ಹಾಗೆಯೇ ಭಾರ ಬಿದ್ದು ಬಿಟ್ಟಾಗ ಮೃದ್ವಸ್ಥಿಯು ಪೋಷಣೆ ಪಡೆಯುತ್ತದೆ. ಆದುದರಿಂದ ಕೀಲನ್ನು ಅಲುಗಾಡಿಸದೆ ಇಟ್ಟರೆ ಅದು ಉಳಿಯುವುದಿಲ್ಲ, ಸೊರಗುತ್ತದೆ.

ಎರಡನೆಯದಾಗಿ ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಹೆಜ್ಜೆ ಊರಿದಾಗ ಬರುವ ಹೊಡೆತವನ್ನು ತಡೆದುಕೊಳ್ಳುವುದು ಮುಖ್ಯವಾಗಿ ಇದೇ. ನೋವೆಂದು ಕುಳಿತುಬಿಟ್ಟರೆ ಕೆಲವೇ ವಾರಗಳಲ್ಲಿ ಇದು ಕರಗುತ್ತದೆ. ಜೋಡಿಯಲ್ಲಿ ಒಂದು ಎತ್ತು ಸೊರಗಿದರೆ ನೊಗದ ಭಾರವೆಲ್ಲ ಇನ್ನೊಂದರ ಹೆಗಲಿಗೆ ಬರುವಂತೆ ಸ್ನಾಯು ಸೊರಗಿದಾಗ ಭಾರವೆಲ್ಲ ಎಲುಬಿಗೆ ಬೀಳುತ್ತದೆ. ಆಗ ನೋವು ಹೆಚ್ಚುತ್ತದೆ, ನೋವು ಹೆಚ್ಚಿದಂತೆ ಮತ್ತಷ್ಟು ಕುಳಿತುಕೊಳ್ಳುತ್ತೇವೆ, ಕುಳಿತಂತೆ ತೂಕ ಏರುತ್ತದೆ.

ನನಗೆ ಆದದ್ದೂ ಇದೇ. ಮೊದಲ ಬಾರಿ ಬಲ ಮೊಣಕಾಲು ಊದಿಕೊಂಡಾಗ ನಾನು ತೋರಿಸಿಕೊಂಡ ಕಡೆ "ಸಂಪೂರ್ಣ ವಿಶ್ರಾಂತಿ" ಎಂದು ಹೇಳಿ ನೋವಿನ ಗುಳಿಗೆ ಬರೆದುಕೊಟ್ಟರು. ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಆರು ತಿಂಗಳಲ್ಲಿ 78 ಕಿಲೋ ಇದ್ದವನು 84 ಆದೆ. ನೋವು ಗುಳಿಗೆ ನುಂಗಿದ ದಿನ ಇಲ್ಲ, ನುಂಗದ ದಿನ ಇದೆ. ಊದಿಕೊಂಡು ಬಿಸಿಯಾದ ಕೀಲಿಗೆ ಕೆಲವು ದಿನಗಳ ವಿಶ್ರಾಂತಿ ಅವಶ್ಯ, ಅದರಲ್ಲಿ ತಪ್ಪಿಲ್ಲ. ಊತ ಇಳಿದ ಮೇಲೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ತೂಕದ ಲೆಕ್ಕ

ಕಬ್ಬು ಕಾರ್ಖಾನೆಗೆ ಹೋದಾಗ ಕಾಟಾದ ಮುಂದೆ ನಿಂತು ಒಂದೊಂದು ಕ್ವಿಂಟಲಿಗೂ ಜಗಳಾಡುವ ನಾವು ನಮ್ಮ ದೇಹದ ತೂಕ ಎಷ್ಟೆಂದು ಕೇಳಿದರೆ ಅಂದಾಜು ಹೇಳುತ್ತೇವೆ. ಮೊದಲು ತೂಕವನ್ನೂ ಎತ್ತರವನ್ನೂ ಅಳೆದುಕೊಳ್ಳಿರಿ. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿರಿ. ಭಾರತೀಯರಿಗೆ ಇದು 23ಕ್ಕಿಂತ ಕೆಳಗೆ ಇರಬೇಕು, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ. 165 ಸೆಂ.ಮೀ. ಎತ್ತರದ ನನಗೆ ಈ ಲೆಕ್ಕದಂತೆ 62 ಕಿಲೋ ಸರಿಯಾದದ್ದು, 68 ಮಿತಿ. ನಾನಿದ್ದದ್ದು 84. ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು.

ಮೊಣಕಾಲು ನೋವಿದ್ದ ಸ್ಥೂಲಕಾಯದವರನ್ನು ಅಳೆದು 2005ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಫಲಿತಾಂಶ ಪ್ರಸಿದ್ಧವಾಗಿದೆ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲೆ ಬೀಳುವ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಇದನ್ನು ನಮ್ಮ ಲೆಕ್ಕಕ್ಕೆ ತರೋಣ. ಒಂದು ಕಿ.ಮೀ. ನಡೆಯಲು ಸುಮಾರು 1,400 ಹೆಜ್ಜೆ ಬೇಕು, ಅಂದರೆ ಒಂದೊಂದು ಕಾಲಿಗೆ 700. ನೀವು 5 ಕಿಲೋ ಇಳಿಸಿದರೆ ಹೆಜ್ಜೆಗೆ 20 ಕಿಲೋ ಕಡಿಮೆ, 700 ಹೆಜ್ಜೆಗೆ 14,000 ಕಿಲೋ. ಒಂದು ಕಿಲೋಮೀಟರಿನ ನಡಿಗೆಯಲ್ಲಿ ಒಂದೊಂದು ಮೊಣಕಾಲಿನ ಮೇಲಿಂದ 14 ಟನ್ ಕೆಳಗಿಳಿಸಿದಂತಾಯಿತು. ಟನ್ನಿನ ಲೆಕ್ಕ ಕಬ್ಬು ಬೆಳೆಗಾರರಿಗೆ ನಾನು ವಿವರಿಸಬೇಕಾಗಿಲ್ಲ.

ಇನ್ನೊಂದು ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಮೊಣಕಾಲು ಸವೆತವಿದ್ದ, ತೂಕ ಹೆಚ್ಚಿದ್ದ 454 ಜನರನ್ನು ಮೂರು ಗುಂಪು ಮಾಡಿ 18 ತಿಂಗಳು ನೋಡಿದರು. ಬರೀ ವ್ಯಾಯಾಮ ಮಾಡಿದವರ ತೂಕ ಶೇಕಡಾ 2ರಷ್ಟು ಮಾತ್ರ ಇಳಿಯಿತು. ಆಹಾರವನ್ನು ಕಡಿಮೆ ಮಾಡಿದವರದು ಶೇಕಡಾ 9.5. ಎರಡನ್ನೂ ಮಾಡಿದವರದು ಶೇಕಡಾ 11ಕ್ಕಿಂತ ಹೆಚ್ಚು, ಮತ್ತು ಅವರ ನೋವು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಊಟವನ್ನು ಹಾಗೆಯೇ ಇಟ್ಟುಕೊಂಡು ನಡೆದೇ ತೂಕ ಇಳಿಸುತ್ತೇನೆ ಎನ್ನುವವರು ಈ ಅಂಕಿಗಳನ್ನು ಇನ್ನೊಮ್ಮೆ ಓದಬೇಕು. ವ್ಯಾಯಾಮದಿಂದ ಸ್ನಾಯು ಗಟ್ಟಿಯಾಗುತ್ತದೆ, ನೋವು ಕಡಿಮೆಯಾಗುತ್ತದೆ. ತೂಕ ಇಳಿಯುವುದು ಮುಖ್ಯವಾಗಿ ತಾಟಿನಿಂದ.

ಮೊದಲು ತೊಡೆಗೆ ಬಲ

ಮೊದಲ ಮೂರು ನಾಲ್ಕು ವಾರ ದೂರ ನಡೆಯುವ ಗೋಜಿಗೆ ಹೋಗಬೇಡಿರಿ. ತೊಡೆಯ ಸ್ನಾಯುವನ್ನು ಸಿದ್ಧಪಡಿಸಿರಿ. ಬೀಜ ಬಿತ್ತುವ ಮೊದಲು ಭೂಮಿ ಹದ ಮಾಡುವ ಕೆಲಸ ಇದು.

ಜಮಖಾನೆಯ ಮೇಲೆ ಕಾಲು ನೀಡಿ ಕುಳಿತು, ನೋವಿರುವ ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ಲು ಇಡಿರಿ. ತೊಡೆಯನ್ನು ಬಿಗಿದು ಮೊಣಕಾಲಿನಿಂದ ಟವೆಲ್ಲನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡಿರಿ. ಹತ್ತು ಸಲ ಮಾಡಿ ಇನ್ನೊಂದು ಕಾಲಿಗೂ ಮಾಡತಕ್ಕದ್ದು. ಉಸಿರು ಹಿಡಿಯಬಾರದು. ನೋವು ಎಷ್ಟೇ ಇದ್ದರೂ ಇದನ್ನು ಬಹುತೇಕ ಎಲ್ಲರೂ ಮಾಡಬಲ್ಲರು.

ಇದು ಸಲೀಸಾದ ಮೇಲೆ ಅಂಗಾತ ಮಲಗಿ ಒಂದು ಕಾಲನ್ನು ಮಡಚಿ, ಇನ್ನೊಂದನ್ನು ನೆಟ್ಟಗೆ ಇಟ್ಟುಕೊಂಡು ನೆಲದಿಂದ ಒಂದು ಅಡಿ ಎತ್ತಿ ಐದು ಎಣಿಸಿ ನಿಧಾನವಾಗಿ ಇಳಿಸಿರಿ. ಬೆನ್ನು ನೋವಿದ್ದವರು ಮಡಚಿದ ಕಾಲನ್ನು ನೀಡಬಾರದು. ಮುಂದಿನ ಹಂತ ಕುರ್ಚಿಯಿಂದ ಏಳುವುದು. ಎತ್ತರದ ಗಟ್ಟಿ ಕುರ್ಚಿ ಅಥವಾ ಕಟ್ಟೆಯ ಮೇಲೆ ಕುಳಿತು, ಕೈ ಊರದೆ ಎದ್ದು ನಿಂತು, ನಿಧಾನವಾಗಿ ಕೂಡಬೇಕು. ಧಪ್ಪನೆ ಕುಳಿತರೆ ಪ್ರಯೋಜನವಿಲ್ಲ, ಏಕೆಂದರೆ ಇಳಿಯುವಾಗಲೇ ಸ್ನಾಯುವಿಗೆ ಹೆಚ್ಚು ಕೆಲಸ. ಎಂಟು ಹತ್ತು ಸಲ ಸಾಕು. ಕುರ್ಚಿ ತಗ್ಗಾಗಿದ್ದರೆ ಎರಡು ದಿಂಬು ಹಾಕಿ ಎತ್ತರಿಸಿಕೊಳ್ಳಿರಿ. ಇದಕ್ಕೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಿನಲ್ಲಿ ನಿಲ್ಲುವುದನ್ನು ಸೇರಿಸಬಹುದು. ಮೊದಲನೆಯದನ್ನು ದಿನಾಲೂ, ಉಳಿದವುಗಳನ್ನು ವಾರಕ್ಕೆ ಮೂರು ದಿನ ಮಾಡಿದರೆ ಒಂದೂವರೆ ಎರಡು ತಿಂಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ. ಎರಡು ವಾರಕ್ಕೆ ಏನೂ ಆಗಲಿಲ್ಲವೆಂದು ಬಿಡುವವರೇ ಹೆಚ್ಚು.

ನಮ್ಮ ಭಾಗ ಕುಸ್ತಿಯ ನಾಡು. ಗರಡಿ ಮನೆಯಲ್ಲಿ ಬೆಳೆದವರಿಗೆ ವ್ಯಾಯಾಮ ಎಂದರೆ ಬೈಠಕ್ಕು, ದಂಡ, ಸಂಗ್ರಾಣಿ ಕಲ್ಲು. ಪ್ರಾಯದಲ್ಲಿ ಐನೂರು ಬೈಠಕ್ಕು ಹೊಡೆದ ಹಿರಿಯರು ಐವತ್ತರಲ್ಲಿ ಅದನ್ನೇ ಮತ್ತೆ ಆರಂಭಿಸಿ ಮೂರನೆಯ ದಿನ ಹಾಸಿಗೆ ಹಿಡಿದದ್ದನ್ನು ನೋಡಿದ್ದೇನೆ. ಸವೆದ ಮೊಣಕಾಲಿಗೆ ಪೂರ್ತಿ ಕೆಳಗೆ ಕೂಡುವ ಬೈಠಕ್ಕು ಬೇಡ. ಜಾತ್ರೆಯಲ್ಲಿ ಚೀಲ ಎತ್ತುವುದನ್ನು ಮಕ್ಕಳಿಗೆ ಬಿಡಿರಿ.

ಸೈಕಲ್ಲು

ಇಷ್ಟಾದ ಮೇಲೆ ಯಾವ ವ್ಯಾಯಾಮ ಉತ್ತಮ ಎಂದರೆ ನನ್ನ ಉತ್ತರ ಸೈಕಲ್ಲು. ಕೃತಕ ಮೊಣಕಾಲಿನೊಳಗೆ ಅಳತೆಯ ಯಂತ್ರವನ್ನು ಕೂಡಿಸಿ ಜರ್ಮನಿಯಲ್ಲಿ ನೋಡಿದ್ದಾರೆ. ಸಮತಟ್ಟಿನ ನಡಿಗೆಯಲ್ಲಿ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ, ಮೆಟ್ಟಿಲು ಇಳಿಯುವಾಗ ಮೂರೂವರೆ ಪಟ್ಟು, ಹಗುರಾಗಿ ಸೈಕಲ್ ತುಳಿಯುವಾಗ ಒಂದೂಕಾಲು ಪಟ್ಟಿನ ಹತ್ತಿರ. ದೇಹವನ್ನು ಸೀಟು ಹೊತ್ತಿರುವುದೇ ಇದಕ್ಕೆ ಕಾರಣ. ಮೇಲೆ ಹೇಳಿದ ನಾಲ್ಕು ಪಟ್ಟಿನ ಲೆಕ್ಕದ ಅಳತೆಯ ವಿಧಾನ ಬೇರೆ, ಆದುದರಿಂದ ಎರಡನ್ನೂ ಕೂಡಿಸಿ ಗೊಂದಲ ಮಾಡಿಕೊಳ್ಳಬಾರದು.

ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕಲ್ ಪಟುಗಳಿಗೆ ಹೆಸರಾಗಿವೆ. ಬೆಳಗಿನ ಜಾವ ಜಮಖಂಡಿಯ ಸುತ್ತಿನ ರಸ್ತೆಗಳಲ್ಲಿ ಹುಡುಗ ಹುಡುಗಿಯರು ಅಭ್ಯಾಸ ಮಾಡುವುದನ್ನು ನೀವೂ ಕಂಡಿರಬಹುದು. ಅವರ ವೇಗ ನಮಗೆ ಬೇಕಿಲ್ಲ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಹಳೆಯ ಸೈಕಲ್ಲನ್ನು ಇಳಿಸಿ ಎಣ್ಣೆ ಬಿಟ್ಟರೆ ಸಾಕು. ಆದರೆ ಸೀಟಿನ ಎತ್ತರದಲ್ಲಿ ಬಹಳ ಜನ ತಪ್ಪುತ್ತಾರೆ. ಪೆಡಲು ಪೂರ್ತಿ ಕೆಳಗೆ ಬಂದಾಗ ಮೊಣಕಾಲು ಸ್ವಲ್ಪವೇ ಮಡಚಿರಬೇಕು. ನೆಲಕ್ಕೆ ಕಾಲು ಸುಲಭವಾಗಿ ಎಟುಕಲೆಂದು ಸೀಟನ್ನು ತಗ್ಗಿಸಿದರೆ ಮೊಣಕಾಲು ಅತಿಯಾಗಿ ಮಡಚಿ ಮೊಣಕಾಲ ಚಿಪ್ಪಿನ ಹಿಂದೆ ನೋವು ಬರುತ್ತದೆ. ನಾನೂ ಮೊದಲ ತಿಂಗಳು ಈ ತಪ್ಪನ್ನೇ ಮಾಡಿ ಸೈಕಲ್ಲನ್ನು ಬೈದಿದ್ದೆ. ಕಾಲೆತ್ತಿ ಹತ್ತಲು ಆಗದವರು ನಡುವಿನ ಅಡ್ಡ ಕೊಳವೆ ಇಲ್ಲದ ಲೇಡೀಸ್ ಸೈಕಲ್ಲನ್ನು ಉಪಯೋಗಿಸಬೇಕು, ಅದರಲ್ಲಿ ನಾಚಿಕೆ ಬೇಡ.

ಮೊದಲ ವಾರ ದಿನಕ್ಕೆ 10 ನಿಮಿಷ, ಸಮತಟ್ಟಾದ ರಸ್ತೆಯಲ್ಲಿ. ವಾರಕ್ಕೆ ಐದು ನಿಮಿಷದಂತೆ ಏರಿಸಿ 30 ನಿಮಿಷಕ್ಕೆ ಮುಟ್ಟಿಸಿರಿ. ವಾರಕ್ಕೆ ಐದು ದಿನ ಅರ್ಧ ಗಂಟೆಯಾದರೆ 150 ನಿಮಿಷವಾಯಿತು, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಕನಿಷ್ಠ ಪ್ರಮಾಣವೂ ಅದೇ. ತುಳಿಯುವಾಗ ಮಾತನಾಡಲು ಬರಬೇಕು, ಹಾಡಲು ಬರಬಾರದು. ಅಷ್ಟು ವೇಗ ಸರಿ. ಆಷಾಢದ ಎದುರುಗಾಳಿಯಲ್ಲಿ, ಮೇವಿನ ಹೊರೆ ಹೇರಿಕೊಂಡು ಅಥವಾ ಏರಿನಲ್ಲಿ ಎದ್ದು ನಿಂತು ತುಳಿಯುವುದು ನಮ್ಮಂಥವರಿಗೆ ಅಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರೇಲರುಗಳು ಓಡಾಡುವ ರಸ್ತೆಗಳನ್ನು ಬಿಟ್ಟು ಒಳರಸ್ತೆ ಆರಿಸಿಕೊಳ್ಳಿರಿ, ಕತ್ತಲಲ್ಲಿ ಹೋಗಬೇಡಿರಿ.

ನಡಿಗೆ, ನೀರು, ಕೋಲು

ನಡೆಯುವುದೇ ಇಷ್ಟವೆಂದರೆ ಡಾಂಬರು ಅಥವಾ ಗಟ್ಟಿ ಮಣ್ಣಿನ ಸಮ ರಸ್ತೆಯಲ್ಲಿ, ಮೆತ್ತನೆಯ ಅಟ್ಟೆಯ ಬೂಟು ಹಾಕಿಕೊಂಡು ನಡೆಯಿರಿ. ಬದುವಿನ ಮೇಲಿನ ನಡಿಗೆ ಹೊಲ ನೋಡಲು ಸರಿ, ವ್ಯಾಯಾಮಕ್ಕೆ ಅಲ್ಲ. ಹಸಿ ಎರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡಾಗ ಜಾರಿ ಮೊಣಕಾಲು ತಿರುಚಿದರೆ ತಿಂಗಳುಗಟ್ಟಲೆ ಮಾಡಿದ್ದು ವ್ಯರ್ಥವಾಗುತ್ತದೆ. ಒಮ್ಮೆಗೇ ಅರ್ಧ ಗಂಟೆ ಆಗದಿದ್ದರೆ ಹತ್ತು ಹತ್ತು ನಿಮಿಷದಂತೆ ಮೂರು ಸಲ ಮಾಡಿದರೂ ಫಲ ಒಂದೇ.

ಕೋಲು ಹಿಡಿಯುವವರಲ್ಲಿ ಅನೇಕರು ನೋವಿದ್ದ ಕಾಲಿನ ಕಡೆಯ ಕೈಯಲ್ಲೇ ಹಿಡಿಯುತ್ತಾರೆ. ಇದು ತಪ್ಪು. ಬಲ ಮೊಣಕಾಲು ನೋವಿದ್ದರೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನ ಜೊತೆಗೆ ಅದು ಮುಂದೆ ಬರಬೇಕು. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಸೊಂಟದಷ್ಟು ನೀರಿನಲ್ಲಿ ನಿಂತರೆ ಕಾಲಿನ ಮೇಲಿನ ಭಾರ ಸುಮಾರು ಅರ್ಧವಾಗುತ್ತದೆ, ಎದೆಯ ಮಟ್ಟದಲ್ಲಿ ಇನ್ನೂ ಕಡಿಮೆ. ಆದುದರಿಂದ ನೀರಿನಲ್ಲಿ ನಡೆಯುವುದು ಬಹಳ ಒಳ್ಳೆಯದು. ಆದರೆ ಇದನ್ನು ಓದಿ ಯಾರೂ ಕೃಷಿ ಹೊಂಡಕ್ಕೆ ಇಳಿಯಬಾರದು. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಅಂಚು ಜಾರುತ್ತದೆ, ಈಜು ಬಲ್ಲವರೂ ಹತ್ತಿ ಬರಲಾರರು. ಕೃಷ್ಣಾ ನದಿಯಲ್ಲಿ ಮೊಸಳೆಗಳಿರುವುದು ದಂಡೆಯವರಿಗೆ ಗೊತ್ತೇ ಇದೆ. ಪಟ್ಟಣದಲ್ಲಿ ಈಜುಕೊಳ ಇದ್ದು ಹೋಗಿಬರಲು ಅನುಕೂಲವಿದ್ದವರಿಗೆ ಮಾತ್ರ ಈ ಮಾತು.

ನೋವು ಎಷ್ಟು ಬಂದರೆ ನಿಲ್ಲಿಸಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು. ವ್ಯಾಯಾಮ ಮಾಡುವಾಗ ಅಲ್ಪ ಸ್ವಲ್ಪ ನೋವು ಬಂದರೆ ಕೀಲು ಹಾಳಾಗುತ್ತಿದೆ ಎಂದು ಅರ್ಥವಲ್ಲ. ಮುಗಿಸಿದ ಎರಡು ಗಂಟೆಯೊಳಗೆ ನೋವು ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಾಗಿದೆ. ಎರಡು ಗಂಟೆಯ ನಂತರವೂ ಹೆಚ್ಚಿಗೆ ಉಳಿದರೆ, ಅಥವಾ ಮರುದಿನ ಬೆಳಿಗ್ಗೆ ಬಿಗಿತ, ಊತ ಹೆಚ್ಚಾದರೆ, ನಿಲ್ಲಿಸಬೇಡಿರಿ, ಕಾಲು ಭಾಗದಿಂದ ಅರ್ಧದಷ್ಟು ಕಡಿಮೆ ಮಾಡಿರಿ. ಗೊಬ್ಬರ ಹೆಚ್ಚಾಗಿ ಬೆಳೆ ಸುಟ್ಟರೆ ಮುಂದೆ ಗೊಬ್ಬರವನ್ನೇ ಹಾಕುವುದಿಲ್ಲ ಎನ್ನುವ ರೈತರಿಲ್ಲವಷ್ಟೆ.

ತಾಟಿನ ವಿಷಯ

ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 250 ಕ್ಯಾಲೊರಿ ಕಡಿಮೆ ತಿಂದರೆ ತಿಂಗಳಿಗೆ ಸುಮಾರು ಒಂದು ಕಿಲೋ ಇಳಿಯಬೇಕು. ನಿಜವಾಗಿ ಆರಂಭದಲ್ಲಿ ಸ್ವಲ್ಪ ಹೆಚ್ಚು, ಬರಬರುತ್ತ ಕಡಿಮೆ ಇಳಿಯುತ್ತದೆ.

ಈ 250 ಎಲ್ಲಿದೆ ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ಒಂದು ಕಪ್ಪು ಚಹಾಕ್ಕೆ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ. ಮನೆಯಲ್ಲಿ, ಹೊಲದಲ್ಲಿ, ಪೇಟೆಯಲ್ಲಿ, ಬಂದವರ ಜೊತೆಗೆ ಎಂದು ದಿನಕ್ಕೆ ಆರು ಕಪ್ಪಾದರೆ 60 ಗ್ರಾಂ, 240 ಕ್ಯಾಲೊರಿ, ಹಾಲಿನದು ಬೇರೆ. 70 ಕಿಲೋ ತೂಕದ ಮನುಷ್ಯ ಇದನ್ನು ಕರಗಿಸಲು ಸುಮಾರು 5 ಕಿ.ಮೀ. ನಡೆಯಬೇಕು. ಸಕ್ಕರೆ ಬಿಟ್ಟು ಬೆಲ್ಲದ ಚಹಾ ಕುಡಿಯುತ್ತೇನೆ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಬೆಲ್ಲ ನಮ್ಮ ಭಾಗದ ಬೆಳೆ, ಅದರ ಮಾರಾಟ ಹೆಚ್ಚಾದರೆ ನನಗೂ ಸಂತೋಷ. ಆದರೆ 100 ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ 380ರ ಆಸುಪಾಸು. ತೂಕದ ದೃಷ್ಟಿಯಿಂದ ಎರಡೂ ಒಂದೇ. ಬ್ರಿಕ್ಸ್ 18 ಇರುವ ಕಬ್ಬಿನ ಹಾಲನ್ನು 200 ಮಿ.ಲೀ. ಕುಡಿದರೆ 35 ಗ್ರಾಂ ಸಕ್ಕರೆ ಹೊಟ್ಟೆಗೆ ಹೋದಂತೆ.

ಜೋಳದ ರೊಟ್ಟಿಯನ್ನು ಬಿಡಬೇಕಾಗಿಲ್ಲ. ನಾಲ್ಕು ತಿನ್ನುವವರು ಎರಡೂವರೆಗೆ ಇಳಿಸಿ ಆ ಜಾಗವನ್ನು ಮೆಂತೆ ಪಲ್ಯ, ಗಜ್ಜರಿ, ಸೌತೆಕಾಯಿ, ಹೆಸರುಕಾಳು, ಮಡಿಕೆಕಾಳು, ನೀರು ಮಜ್ಜಿಗೆಗಳಿಂದ ತುಂಬಿಸಬೇಕು. ರೊಟ್ಟಿ ತಿಂದ ಮೇಲೆ ಮತ್ತೊಂದು ತಾಟು ಅನ್ನ ಕಲಸಿಕೊಳ್ಳುವ ರೂಢಿ ನೀರಾವರಿಯ ಜೊತೆಗೆ ನಮಗೆ ಬಂದದ್ದು, ಅದನ್ನು ಒಂದು ಹಿಡಿಗೆ ಇಳಿಸಬಹುದು. ಶೇಂಗಾ ಚಟ್ನಿ ಒಳ್ಳೆಯದೇ, ಆದರೆ ಅದರ ಮೇಲೆ ಸುರಿಯುವ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 100ಕ್ಕಿಂತ ಹೆಚ್ಚು ಕ್ಯಾಲೊರಿ ಇದೆ. ಸಂತೆಯ ದಿನದ ಮಿರ್ಚಿ ಭಜಿಯ ಬಗ್ಗೆ ಹೆಚ್ಚು ಹೇಳಿ ಓದುಗರ ಮನ ನೋಯಿಸುವುದಿಲ್ಲ. ಊಟ ಕಡಿಮೆ ಮಾಡಿದರೂ ಕಾಳು, ಹಾಲು, ಒಗ್ಗುವವರಿಗೆ ಮೊಟ್ಟೆ ಕಡಿಮೆಯಾಗಬಾರದು. ಇಲ್ಲವಾದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ.

ರೈತ ಮಹಿಳೆಯರಿಗೆ

ಮೊಣಕಾಲು ಸವೆತ ಹೆಂಗಸರಲ್ಲಿ, ಅದರಲ್ಲೂ ಮುಟ್ಟು ನಿಂತ ಮೇಲೆ, ಹೆಚ್ಚು. ಅವರಿಗೆ "ವ್ಯಾಯಾಮ ಮಾಡಿರಿ" ಎಂದರೆ "ಮುಂಜಾನೆಯಿಂದ ಸಂಜೀತನಾ ದುಡೀತೇವಲ್ರೀ, ಇನ್ನೇನ ವ್ಯಾಯಾಮ" ಎನ್ನುತ್ತಾರೆ. ಅದು ಸರಿಯಾದ ಮಾತು. ಅವರ ದುಡಿಮೆಯ ಬಹುಭಾಗ ಕುಕ್ಕರುಗಾಲಿನದು. ಕಳೆ ತೆಗೆಯುವುದು, ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು, ಬಟ್ಟೆ ಒಗೆಯುವುದು. ಇದರಿಂದ ಮೊಣಕಾಲಿಗೆ ಒತ್ತಡವಿದೆ, ತೊಡೆಗೆ ಬಲ ಬರುವುದಿಲ್ಲ. ಆದುದರಿಂದ ಅವರ ಮಟ್ಟಿಗೆ ಮೊದಲು ಬದಲಾಗಬೇಕಾದುದು ಸಲಕರಣೆ. ಒಲೆಯನ್ನು ಕಟ್ಟೆಯ ಮೇಲೆ ಇಡಬೇಕು. ಕುರ್ಪಿಯ ಬದಲು ನಿಂತು ತಳ್ಳುವ ಸೈಕಲ್ ಎಡೆಕುಂಟೆ ಅಥವಾ ಉದ್ದ ಹಿಡಿಕೆಯ ಕಳೆಗುದ್ದಲಿ ಕೊಡಿಸಬೇಕು. ಸಾಲಿನಲ್ಲಿ ಬಿತ್ತಿದ ಶೇಂಗಾ, ಗೋವಿನ ಜೋಳ, ಕಾಯಿಪಲ್ಲೆಗಳಲ್ಲಿ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಶೌಚಾಲಯದಲ್ಲಿ ಕೂಡುವ ಕಮೋಡ್ ಹಾಕಿಸುವುದು ದೊಡ್ಡ ಖರ್ಚಲ್ಲ. ಮನೆಗೆ ಎರಡನೆಯ ಬೈಕು ಕೊಳ್ಳುವ ಮೊದಲು ಗಂಡಸರು ಇಷ್ಟನ್ನು ಮಾಡಿಕೊಡಬೇಕು. ತೊಡೆಯ ವ್ಯಾಯಾಮಗಳನ್ನು ಮಾತ್ರ ಅವರೂ ಬಿಡತಕ್ಕದ್ದಲ್ಲ.

ವೈದ್ಯರಲ್ಲಿಗೆ ಯಾವಾಗ?

ಎಲ್ಲ ಕೀಲು ನೋವೂ ಸವೆತವಲ್ಲ. ಕೀಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕಾಲು ಊರಲು ಆಗದಿದ್ದರೆ, ಮೊಣಕಾಲು ಇದ್ದಕ್ಕಿದ್ದಂತೆ ಸಿಕ್ಕಿಹಾಕಿಕೊಂಡರೆ, ಬೆರಳುಗಳ ಸಣ್ಣ ಕೀಲುಗಳು ಊದಿ ಬೆಳಿಗ್ಗೆ ಒಂದು ಗಂಟೆಗೂ ಹೆಚ್ಚು ಬಿಗಿತವಿದ್ದರೆ, ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಊದಿದರೆ ತಡಮಾಡದೆ ತೋರಿಸಬೇಕು. 2005-06ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯಾ ಹಬ್ಬಿದಾಗ ಜ್ವರ ಇಳಿದ ಮೇಲೂ ತಿಂಗಳುಗಟ್ಟಲೆ ಕೀಲು ನೋವು ಉಳಿದವರನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು. ನಮ್ಮ ಜಿಲ್ಲೆಯ ಕೆಲವು ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಒಂದು ಮನೆಯಲ್ಲಿ ಅಥವಾ ಓಣಿಯಲ್ಲಿ ಅನೇಕರಿಗೆ ಹಲ್ಲು ಕಂದು ಬಣ್ಣವಾಗಿ, ಬೆನ್ನು, ಕತ್ತು, ಕೀಲುಗಳು ಬಿಗಿಯಾಗುತ್ತಿದ್ದರೆ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿರಿ. ಲೀಟರಿಗೆ 1 ಮಿ.ಗ್ರಾಂ. ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೂ 1.5 ದಾಟಬಾರದು. ಇಂಥ ನೋವಿಗೆ ಮೊದಲು ನೀರು ಬದಲಾಗಬೇಕು.

ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಎದೆನೋವು ಇದ್ದವರು ಆರಂಭಿಸುವ ಮೊದಲು ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಸೈಕಲ್ ಹತ್ತಬಾರದು. ನೋವಿನ ಗುಳಿಗೆಗಳನ್ನು ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದೆಂದು ಸಂಶಯಪಡಬೇಕು. ಅದು ತೂಕವನ್ನು ಏರಿಸುತ್ತದೆ, ಎಲುಬನ್ನು ಟೊಳ್ಳು ಮಾಡುತ್ತದೆ. ಕೀಲು ಬದಲಿ ಶಸ್ತ್ರಚಿಕಿತ್ಸೆ ನಿಜವಾಗಿ ಅವಶ್ಯವಿದ್ದವರಿಗೆ ವರದಾನವೇ ಸರಿ. ಅದಕ್ಕೆ ಹೋಗುವವರಿಗೂ ತೊಡೆಯ ಬಲ ಮೊದಲೇ ಇದ್ದರೆ ಬೇಗ ಚೇತರಿಕೆ.

ನಾನು ಈಗ 75 ಕಿಲೋ ಇದ್ದೇನೆ, 68 ಇನ್ನೂ ದೂರವಿದೆ. ಮುಧೋಳ ತಾಲೂಕಿನ ಆ ರೈತರು ಕಳೆದ ಸಲ ಸಿಕ್ಕಾಗ 92ರಿಂದ 85ಕ್ಕೆ ಬಂದಿದ್ದರು. ಚಹಾದ ಸಕ್ಕರೆ ಬಿಟ್ಟದ್ದೇ ಎಲ್ಲಕ್ಕಿಂತ ಕಷ್ಟವಾಯಿತಂತೆ. ಮೆಟ್ಟಿಲು ಇಳಿಯುವಾಗ ಇನ್ನೂ ನೋವಿದೆ. ಆರು ಎಕರೆಯಲ್ಲಿ ನಾಲ್ಕನ್ನು ಲಾವಣಿಗೆ ಹಾಕಿದ್ದಾರೆ. ರಸ್ತೆಗೆ ಹತ್ತಿದ ಎರಡು ಎಕರೆಯನ್ನು, ಸೈಕಲ್ಲು ಹೊಲದ ತನಕ ಹೋಗುತ್ತದೆಂಬ ಕಾರಣಕ್ಕೆ, ತಾವೇ ಇಟ್ಟುಕೊಂಡಿದ್ದಾರೆ. ಈ ಸಲ ರವದಿ ಸುಡದೆ ಸಾಲಿನಲ್ಲಿ ಹಾಸಿದ್ದನ್ನು ಒಳಗೆ ಕರೆದುಕೊಂಡು ಹೋಗಿ ತೋರಿಸಿದರು.